ಗೇಟಿನ ಮುಂದೆ ಎಷ್ಟು ಜನ ನಿಲ್ಲಬಹುದು?

ಲಂಡನ್ನಿನ ಒಂದು ಪ್ರಿಂಟಿಂಗ್ ಪ್ರೆಸ್ಸು. ಮುಷ್ಕರದ ಸಮಯ. ಮಾಮೂಲಿಯಾಗಿ 24 ಜನ ಕೆಲಸ ಮಾಡುವ ಜಾಗದಲ್ಲಿ ಅವತ್ತು 8 ಜನ ಮಾತ್ರ ಒಳಗಿದ್ದರು. ಹೊರಗೆ 18 ಜನ ಮುಷ್ಕರದವರು ಬಂದು ಸೇರಿದರು. ಪ್ರೆಸ್ಸಿಗೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಪೊಲೀಸರು ಬಂದು, ಬಾಗಿಲಿಗೆ ಇಬ್ಬರು ಸಾಕು, ಉಳಿದವರು ಹೊರಡಿ ಅಂದರು. ಒಬ್ಬ ಕೇಳಲಿಲ್ಲ. ನನ್ನ ಹಕ್ಕು ನನಗೆ ಗೊತ್ತು ಅಂತ ಪೊಲೀಸನನ್ನು ಮೆಲ್ಲಗೆ ಸರಿಸಿಕೊಂಡು ಮುಂದೆ ಹೋದ. ಅವನನ್ನು ಅಷ್ಟೇ ಮೆಲ್ಲಗೆ ಅರೆಸ್ಟ್ ಮಾಡಿದರು. ಈ 'ಮೆಲ್ಲಗೆ' ನಾನು ಸೇರಿಸಿದ್ದಲ್ಲ, ಎರಡೂ ಕಡೆ ತೀರ್ಪಿನಲ್ಲೇ ಇದೆ.

ಯಾರೂ ಯಾರಿಗೂ ಹೊಡೆದಿರಲಿಲ್ಲ. ಆದರೂ 1960ರಲ್ಲಿ ಅಲ್ಲಿನ ಹೈಕೋರ್ಟು ಪೊಲೀಸರ ಪರವಾಗಿಯೇ ತೀರ್ಪು ಕೊಟ್ಟಿತು. ಗಲಾಟೆ ಆಗಬಹುದು ಅಂತ ಪೊಲೀಸನಿಗೆ ಅನ್ನಿಸಿದ್ದು ನಿಜವಾಗಿದ್ದರೆ, ಹಾಗನ್ನಿಸಲು ಒಂದು ಕಾರಣವೂ ಇದ್ದರೆ, ಎಷ್ಟು ಜನ ನಿಲ್ಲಬೇಕು ಅಂತ ಅವನು ಹೇಳಬಹುದು. ಅಷ್ಟೇ. 'ಇಬ್ಬರು' ಅನ್ನುವ ಲೆಕ್ಕ ಯಾವ ಕಾನೂನಿನಲ್ಲೂ ಬರೆದಿರಲಿಲ್ಲ.

ಕೆಲಸದ ಜಾಗದ ಹತ್ತಿರ ಪ್ರತಿಭಟನೆ ಮಾಡುವುದರ ಬಗ್ಗೆ ಇರುವ ಕಾನೂನುಗಳನ್ನು ಓದಲು ಕೂತವರಿಗೆ ಮೊದಲು ತಲೆ ಕೆಡುವುದೇ ಇಲ್ಲಿ. 'ಪ್ರತಿಭಟನೆ ಮಾಡಬೇಡಿ' ಅಂತ ನೇರವಾಗಿ ಹೇಳುವ ಕಾನೂನು ತುಂಬಾ ಕಡಿಮೆ. ಮಾಡಿ, ಆದರೆ ಇಷ್ಟೇ ಜನ. ಮಾಡಿ, ಆದರೆ ಅಲ್ಲಲ್ಲ, ಸ್ವಲ್ಪ ಆಚೆ. ಮಾಡಿ, ಆದರೆ ನಿಮ್ಮ ಕಂಪನಿ ಮುಂದೆ ಮಾತ್ರ, ಪಕ್ಕದವರ ಮುಂದೆ ಬೇಡ. ಹೀಗೆ ಹೇಳುತ್ತಾ ಹೇಳುತ್ತಾ ಪ್ರತಿಭಟನೆ ಉಳಿಯುತ್ತದೆ, ಅದನ್ನು ನೋಡುವವರು ಮಾತ್ರ ಯಾರೂ ಉಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ವಿಷಯ ಇರುವುದು ಈ ದೂರದ ಆಟದಲ್ಲೇ.

ಮೊದಲು ಒಂದು ಪದ. ಪಿಕೆಟಿಂಗ್. ಧರಣಿ ಅಂದರೆ ಕೂರುವುದು, ಮುಷ್ಕರ ಅಂದರೆ ಕೆಲಸ ನಿಲ್ಲಿಸುವುದು, ಘೇರಾವ್ ಅಂದರೆ ಸುತ್ತುವರಿದು ಬಿಡದೇ ಇರುವುದು. ಪಿಕೆಟಿಂಗ್ ಇವು ಮೂರೂ ಅಲ್ಲ. ಬಾಗಿಲ ಹತ್ತಿರ ನಿಂತು ಒಳಗೆ ಹೋಗುವವರನ್ನು 'ಹೋಗಬೇಡಿ' ಅಂತ ಕೇಳಿಕೊಳ್ಳುವುದು. ಸ್ವಾತಂತ್ರ್ಯ ಚಳವಳಿಯಲ್ಲಿ ಹೆಂಡದಂಗಡಿ, ವಿದೇಶಿ ಬಟ್ಟೆ ಅಂಗಡಿ ಮುಂದೆ ಮಾಡಿದ್ದು ಇದನ್ನೇ. ಗೇಟಿನ ಮುಂದೆ ನಿಂತವನು ಒಂದೇ ಹೊತ್ತಿಗೆ ನಾಲ್ಕು ಕೆಲಸ ಮಾಡುತ್ತಿರುತ್ತಾನೆ: ಇಲ್ಲೊಂದು ಜಗಳ ಇದೆ ಅಂತ ತಿಳಿಸುತ್ತಾನೆ, ನಮ್ಮ ಜೊತೆ ಬನ್ನಿ ಅಂತ ಕರೆಯುತ್ತಾನೆ, ಒಳಗೆ ಹೋಗುವವನಿಗೆ ಸ್ವಲ್ಪ ನಾಚಿಕೆ ಆಗುವ ಹಾಗೆ ಮಾಡುತ್ತಾನೆ, ಜೊತೆಗೆ ಅವನ ಮೈ ಅಲ್ಲಿ ದಾರಿಗೆ ಅಡ್ಡವಾಗಿಯೂ ಇರುತ್ತದೆ. ಮೊದಲ ಎರಡನ್ನು ಬಹುತೇಕ ಎಲ್ಲ ದೇಶಗಳ ಕಾನೂನೂ ಒಪ್ಪುತ್ತದೆ. ನಾಲ್ಕನೆಯದನ್ನು ಬಹುತೇಕ ಯಾವ ದೇಶವೂ ಒಪ್ಪುವುದಿಲ್ಲ. ಮೂರನೆಯದರ ಬಗ್ಗೆ ನೂರೈವತ್ತು ವರ್ಷದಿಂದ ಜಗಳ ನಡೆಯುತ್ತಲೇ ಇದೆ.

ಆ ಜಗಳ ಶುರುವಾಗಿದ್ದು ಬ್ರಿಟನ್ನಿನಲ್ಲಿ. 1875ರ ಒಂದು ಕಾನೂನು, ಒಬ್ಬ ಮನುಷ್ಯ ವಾಸ ಮಾಡುವ ಅಥವಾ ಕೆಲಸ ಮಾಡುವ ಜಾಗವನ್ನು ಕಾಯುತ್ತಾ ಮುತ್ತಿಕೊಂಡು ನಿಲ್ಲುವುದನ್ನು ಅಪರಾಧ ಮಾಡಿತು. ಒಂದು ವಿನಾಯಿತಿ ಇತ್ತು. ಬರೀ ಸುದ್ದಿ ತಿಳಿಸಲು ಅಥವಾ ತಿಳಿದುಕೊಳ್ಳಲು ನಿಂತರೆ ತಪ್ಪಿಲ್ಲ. 1890ರ ದಶಕದ ಕೊನೆಗೆ ಒಂದು ಕೇಸಿನಲ್ಲಿ ಅಲ್ಲಿನ ಕೋರ್ಟು ಈ ವಿನಾಯಿತಿಯನ್ನು ಅಕ್ಷರಕ್ಕೆ ಅಕ್ಷರ ಹಿಡಿಯಿತು. ತಿಳಿಸುವುದು ಬೇರೆ, ಒಪ್ಪಿಸುವುದು ಬೇರೆ ಅಂದಿತು. ಅಂದರೆ 'ಇಲ್ಲಿ ಮುಷ್ಕರ ನಡೆಯುತ್ತಿದೆ ಸ್ವಾಮಿ' ಅನ್ನಬಹುದು. 'ಅದಕ್ಕೇ ಒಳಗೆ ಹೋಗಬೇಡಿ' ಅಂತ ಸೇರಿಸಿದರೆ ಕೆಟ್ಟಿರಿ. 1906ರಲ್ಲಿ ಹೊಸ ಕಾನೂನು ತಂದು, ಶಾಂತಿಯಿಂದ ಒಪ್ಪಿಸಲು ನಿಲ್ಲುವುದೂ ಸರಿ ಅಂತ ಬರೆದ ಮೇಲೆ ಈ ತಮಾಷೆ ನಿಂತಿತು.

ಅಲ್ಲಿ ಕಾರ್ಮಿಕರಿಗೆ ಸಿಕ್ಕಿದ್ದು ಇಲ್ಲಿನವರಿಗೆ ಅಷ್ಟು ಸುಲಭಕ್ಕೆ ಸಿಗಲಿಲ್ಲ. 1931ರ ಮಾರ್ಚಿನ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಪಿಕೆಟಿಂಗ್ ಬಗ್ಗೆಯೇ ಒಂದು ಕಲಂ ಇದೆ. ಸಾಮಾನ್ಯ ಕಾನೂನಿನ ಮಿತಿಯೊಳಗೆ ಪಿಕೆಟಿಂಗ್ ಮಾಡಬಹುದು, ಆದರೆ ಆಕ್ರಮಣ, ಬಲವಂತ, ಬೆದರಿಕೆ, ಜನರ ಓಡಾಟಕ್ಕೆ ತಡೆ ಇರಬಾರದು ಅಂತ. ಇವತ್ತಿನ ಯಾವುದೇ ಕೋರ್ಟಿನ ಆದೇಶ ತೆಗೆದು ನೋಡಿ, ಹೆಚ್ಚು ಕಡಿಮೆ ಇದೇ ಪಟ್ಟಿ ಇರುತ್ತದೆ. ಆದರೆ ಒಪ್ಪಂದ ವರ್ಷ ತುಂಬುವುದರೊಳಗೆ ಮುರಿದುಬಿತ್ತು. 1932ರಲ್ಲಿ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆ ಬಂತು. ಅದರ 7ನೇ ಕಲಂ ಪ್ರಕಾರ, ಒಬ್ಬರು ವಾಸ ಮಾಡುವ, ಕೆಲಸ ಮಾಡುವ ಅಥವಾ ವ್ಯಾಪಾರ ಮಾಡುವ ಜಾಗದ ಹತ್ತಿರ, ಅವರನ್ನು ಅದರಿಂದ ತಡೆಯುವ ಉದ್ದೇಶದಿಂದ ಸುಳಿದಾಡಿದರೂ ಅಪರಾಧ. 6 ತಿಂಗಳವರೆಗೆ ಜೈಲು, ಅಥವಾ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸುಳಿದಾಡುವುದು! ಹೊಡೆಯುವುದಲ್ಲ, ಅಡ್ಡಗಟ್ಟುವುದಲ್ಲ. ಚಳವಳಿಗಾರರನ್ನು ಹಿಡಿಯಲು ಮಾಡಿದ ಈ ಕಲಂ ಸ್ವಾತಂತ್ರ್ಯ ಬಂದ ಮೇಲೂ ಉಳಿದುಕೊಂಡಿತು, ಮುಷ್ಕರ ಹೂಡಿದ ಕಾರ್ಮಿಕರ ಮೇಲೂ ಬಳಕೆಯಾಯಿತು.

ಅದೇ 1932ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ನಡೆಯಿತು. ಅಲ್ಲಿ ಅದಕ್ಕೂ ಮುಂಚೆ, ಮುಷ್ಕರ ಶುರುವಾದ ಕೂಡಲೇ ಮಾಲೀಕ ಕೋರ್ಟಿಗೆ ಓಡುವುದು, ನ್ಯಾಯಾಧೀಶರು ತಡೆಯಾಜ್ಞೆ ಕೊಡುವುದು, ಮುಷ್ಕರ ಅಲ್ಲಿಗೆ ಮುಗಿಯುವುದು ಮಾಮೂಲಾಗಿತ್ತು. 1921ರಲ್ಲಿ ಅವರ ಸುಪ್ರೀಂ ಕೋರ್ಟು ಒಂದು ಉಕ್ಕಿನ ಕಾರ್ಖಾನೆಯ ಕೇಸಿನಲ್ಲಿ ಗೇಟಿಗೆ ಒಬ್ಬನೇ ನಿಲ್ಲಬೇಕು ಅಂದಿತ್ತು. ಒಬ್ಬ! ಸಾವಿರಾರು ಜನ ಕೆಲಸ ಮಾಡುವ ಕಾರ್ಖಾನೆಯ ಮುಂದೆ ಒಬ್ಬನೇ ನಿಂತು ಏನು ಹೇಳಿಯಾನು? 1932ರ ನಾರಿಸ್–ಲಾಗಾರ್ಡಿಯಾ ಕಾನೂನು, ಕೈಗಾರಿಕಾ ವಿವಾದಗಳಲ್ಲಿ ಶಾಂತಿಯುತ ಪಿಕೆಟಿಂಗ್ ವಿರುದ್ಧ ತಡೆಯಾಜ್ಞೆ ಕೊಡುವ ಅಧಿಕಾರವನ್ನು ಅಲ್ಲಿನ ಫೆಡರಲ್ ಕೋರ್ಟುಗಳಿಂದ ಬಹುಮಟ್ಟಿಗೆ ಕಿತ್ತುಕೊಂಡಿತು. 1940ರಲ್ಲಿ ಸುಪ್ರೀಂ ಕೋರ್ಟೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಲಬಾಮಾ ರಾಜ್ಯದ 'ಸುಳಿದಾಟ ಮತ್ತು ಪಿಕೆಟಿಂಗ್' ಕಾನೂನನ್ನು ರದ್ದು ಮಾಡಿತು. ಜಗಳದ ವಿಷಯವನ್ನು ಜನರಿಗೆ ತಿಳಿಸುವುದು ವಾಕ್ ಸ್ವಾತಂತ್ರ್ಯದ ಭಾಗ ಅಂದಿತು.

ಸರಿ, ಈಗ ಗೇಟಿನ ಹತ್ತಿರಕ್ಕೆ ಬರೋಣ. ಮೊದಲ ಪ್ರಶ್ನೆ: ನೀವು ನಿಂತಿರುವ ನೆಲ ಯಾರದ್ದು?

ಕಾಂಪೌಂಡಿನ ಒಳಗೆ ಮಾಲೀಕನ ಮಾತೇ ನಡೆಯುತ್ತದೆ. 1969ರಲ್ಲಿ ರೈಲ್ವೆ ನೌಕರರ ಒಂದು ಕೇಸಿನಲ್ಲಿ ಭಾರತದ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿಯೇ ಹೇಳಿತು. ಸಭೆ ಸೇರುವ ಹಕ್ಕು ಸಂವಿಧಾನದಲ್ಲಿದೆ, ಆದರೆ ಇನ್ನೊಬ್ಬರ ಜಾಗದಲ್ಲಿ ಸೇರುವ ಹಕ್ಕು ಅದರಲ್ಲಿ ಬರುವುದಿಲ್ಲ. ಊಟದ ಬಿಡುವಿನಲ್ಲಿ ಕ್ಯಾಂಟೀನ್ ಹತ್ತಿರ ಗುಂಪಾಗಿ ನಿಂತು ಘೋಷಣೆ ಕೂಗಿದರೂ ಕಂಪನಿ ನಿಯಮ ಮೀರಿದ ಹಾಗಾಗಬಹುದು. ಹೊರಗಿನಿಂದ ಬಂದ ಯೂನಿಯನ್ ಮುಖಂಡನ ಪಾಡಂತೂ ಇನ್ನೂ ಕಷ್ಟ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಂದು ಅಂಗಡಿಯ ಕೆಲಸಗಾರರನ್ನು ಯೂನಿಯನ್ನಿಗೆ ಸೇರಿಸಲು ಬಂದವರು ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಮೇಲೆ ಕರಪತ್ರ ಇಟ್ಟರು. ಮ್ಯಾನೇಜರ್ ಓಡಿಸಿದ. ಪಾರ್ಕಿಂಗಿಗೂ ಹೆದ್ದಾರಿಗೂ ಮಧ್ಯೆ 46 ಅಡಿ ಅಗಲದ ಒಂದು ಹುಲ್ಲಿನ ಪಟ್ಟಿ ಇತ್ತು, ಅದರಲ್ಲಿ ಹೆಚ್ಚಿನ ಭಾಗ ಸರ್ಕಾರದ್ದು. ಅಲ್ಲಿ ನಿಂತು, ಒಳಗೆ ಬರುವ ಹೊರಗೆ ಹೋಗುವ ಕಾರುಗಳಿಗೆ ಕರಪತ್ರ ಚಾಚುತ್ತಾ ಇದ್ದರು. ಕಾರು ನಿಲ್ಲದೇ ಹೋದರೆ ಕರಪತ್ರ ಕೈಯಲ್ಲೇ. 1992ರಲ್ಲಿ ಸುಪ್ರೀಂ ಕೋರ್ಟು, ಆ ಹುಲ್ಲಿನ ಪಟ್ಟಿ ಇದೆಯಲ್ಲ, ಬೋರ್ಡು ಹಿಡಿದು ನಿಂತರೆ ಕಾಣುತ್ತದಲ್ಲ, ಸಾಕು ಅಂದಿತು. ಮಾತಾಡಲು ಆಗುತ್ತದಾ ಅನ್ನುವುದಕ್ಕಿಂತ ಕಾಣಿಸುತ್ತದಾ ಅನ್ನುವುದೇ ಅಳತೆಗೋಲಾಯಿತು.

ಎರಡನೆಯದು ತಲೆ ಎಣಿಕೆ. ಬ್ರಿಟನ್ನಿನಲ್ಲಿ ಇದು 'ಆರು' ಅನ್ನುವ ಸಂಖ್ಯೆಗೆ ಬಂದು ನಿಂತಿದ್ದರ ಹಿಂದೆ ದೊಡ್ಡ ಕಥೆ ಇದೆ. 1972ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಸಾಲ್ಟ್ಲಿ ಕೋಕ್ (ಕಲ್ಲಿದ್ದಲಿನಿಂದ ಮಾಡುವ ಇಂಧನ) ಡಿಪೋ ಮುಂದೆ ಗಣಿ ಕಾರ್ಮಿಕರು ನಿಂತಿದ್ದರು. ಅವರ ಜೊತೆಗೆ ಊರಿನ ಎಂಜಿನಿಯರಿಂಗ್ ಕಾರ್ಖಾನೆಗಳ ಸಾವಿರಾರು ಜನ ಕೆಲಸ ಬಿಟ್ಟು ಬಂದು ಸೇರಿಕೊಂಡರು. ಪೊಲೀಸರಿಗೆ ಗೇಟು ಮುಚ್ಚಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆಮೇಲೆ ಗ್ರನ್‌ವಿಕ್. 1976ರಿಂದ 1978ರವರೆಗೆ ಲಂಡನ್ನಿನ ಆ ಫೋಟೋ ಪ್ರೊಸೆಸಿಂಗ್ ಕಂಪನಿಯ ಮುಂದೆ ಮುಷ್ಕರ ನಡೆಸಿದವರಲ್ಲಿ ಹೆಚ್ಚಿನವರು ಭಾರತೀಯ ಮೂಲದ ಹೆಂಗಸರು, ಮುಂದಾಳು ಜಯಾಬೆನ್ ದೇಸಾಯಿ. ಸೀರೆಯ ಮೇಲೆ ಕೋಟು ಹಾಕಿಕೊಂಡು ಚಳಿಯಲ್ಲಿ ನಿಂತ ಆಕೆಯ ಫೋಟೋ ನೀವೂ ನೋಡಿರಬಹುದು. 1977ರ ಬೇಸಿಗೆಯಲ್ಲಿ ಆಕೆಗೆ ಬೆಂಬಲ ಕೊಡಲು ಬೇರೆ ಬೇರೆ ಊರುಗಳಿಂದ ಸಾವಿರಾರು ಜನ ಬಂದರು, ಪೊಲೀಸರ ಜೊತೆ ತಳ್ಳಾಟ ಆಯಿತು. ಮುಷ್ಕರ ಕೊನೆಗೆ ಸೋತಿತು.

1980ರ ಎಂಪ್ಲಾಯ್‌ಮೆಂಟ್ ಆಕ್ಟ್ ಬಂದಿದ್ದು ಇದೆಲ್ಲದರ ಮೇಲೆ. ಪಿಕೆಟಿಂಗ್ ಮಾಡುವವನು ತನ್ನದೇ ಕೆಲಸದ ಜಾಗದ ಹತ್ತಿರ ಮಾತ್ರ ನಿಲ್ಲಬೇಕು ಅಂತ ಅದು ಹೇಳಿತು. ಸಾಲ್ಟ್ಲಿಗೆ ಬಂದ ಎಂಜಿನಿಯರಿಂಗ್ ಕೆಲಸಗಾರರು, ಗ್ರನ್‌ವಿಕ್‌ಗೆ ಬಂದ ಗಣಿ ಕಾರ್ಮಿಕರು, ಇಬ್ಬರೂ ಈ ಲೆಕ್ಕದಲ್ಲಿ ಹೊರಗಿನವರೇ. ಆರು ಅನ್ನುವ ಸಂಖ್ಯೆ ಇರುವುದು ಕಾನೂನಿನಲ್ಲಲ್ಲ, ಅದರ ಜೊತೆ ಬಂದ ಮಾರ್ಗಸೂಚಿಯಲ್ಲಿ. ಒಂದು ಬಾಗಿಲಿಗೆ ಆರಕ್ಕಿಂತ ಜಾಸ್ತಿ ಬೇಡ ಅಂತ. ಏಳನೆಯವನು ನಿಂತ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಆದರೆ ಕೋರ್ಟುಗಳು ಆ ಸಂಖ್ಯೆಯನ್ನೇ ಹಿಡಿದುಕೊಂಡವು. 1985ರಲ್ಲಿ ಗಣಿ ಮುಷ್ಕರದ ಒಂದು ಕೇಸಿನಲ್ಲಿ ನ್ಯಾಯಾಧೀಶರು ಗೇಟಿಗೆ ಆರೇ ಜನ ಅಂತ ಆದೇಶ ಕೊಟ್ಟರು.

ಆ ಕೇಸಿನಲ್ಲಿ ಇನ್ನೊಂದು ಕಡೆಯವರ ಮಾತೂ ಇದೆ, ಅದನ್ನು ಹೇಳದೇ ಹೋದರೆ ಅನ್ಯಾಯ. ಮುಷ್ಕರದಿಂದ ಹಿಂದೆ ಸರಿದು ಕೆಲಸಕ್ಕೆ ಹೋಗಲು ತೀರ್ಮಾನಿಸಿದ ಗಣಿ ಕಾರ್ಮಿಕರೇ ಕೋರ್ಟಿಗೆ ಹೋಗಿದ್ದು. ದಿನಾ ಬೆಳಿಗ್ಗೆ ಅವರನ್ನು ಬಸ್ಸಿನಲ್ಲಿ ಒಳಗೆ ಕರೆದುಕೊಂಡು ಹೋಗುವಾಗ ಗೇಟಿನ ಹತ್ತಿರ 50–70 ಜನ ನಿಂತು ಬೈದು ಕೂಗುತ್ತಿದ್ದರು. ಯಾರೂ ಮುಟ್ಟುತ್ತಿರಲಿಲ್ಲ, ಪೊಲೀಸರೂ ಇರುತ್ತಿದ್ದರು. ಆದರೂ ದಿನಾ ಹೀಗಾದರೆ ಅದು ಕಿರುಕುಳವೇ ಅಂತ ಕೋರ್ಟು ಹೇಳಿತು. ಬಸ್ಸಿನ ಒಳಗೆ ಕೂತವನಿಗೂ ಹೆಂಡತಿ ಮಕ್ಕಳು, ಸಾಲ ಎಲ್ಲ ಇರುತ್ತದೆ. ಅವನನ್ನು ದ್ರೋಹಿ ಅಂತ ಕರೆಯುವುದು ಸುಲಭ. ಹಾಗಂತ ಐವತ್ತು ಜನರ ಕೂಗು ತಪ್ಪಾದರೆ ಆರು ಜನರ ಕೂಗು ಹೇಗೆ ಸರಿ, ಅಥವಾ ಐವತ್ತು ಜನ ಸುಮ್ನೆ ನಿಂತಿದ್ದರೆ ಏನು ತಪ್ಪು, ಇದಕ್ಕೆ ಆ ಸಂಖ್ಯೆಯಲ್ಲಿ ಉತ್ತರ ಇಲ್ಲ. ತಪ್ಪು ಇದ್ದದ್ದು ನಡತೆಯಲ್ಲಿ. ಅಳೆದಿದ್ದು ಮಾತ್ರ ತಲೆಗಳನ್ನು, ಯಾಕೆಂದರೆ ತಲೆ ಎಣಿಸುವುದು ಸುಲಭ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಗೋಜಲು: ನೀವು ಯಾರ ಗೇಟಿನ ಮುಂದೆ ನಿಂತಿದ್ದೀರಿ? ನಿಮ್ಮ ಜಗಳ ನಿಮ್ಮ ಕಂಪನಿ ಜೊತೆ. ಆದರೆ ಕಂಪನಿಯ ಮಾಲು ಕೊಳ್ಳುವವನು ಇನ್ನೊಬ್ಬ, ಅದನ್ನು ಸಾಗಿಸುವವನು ಮತ್ತೊಬ್ಬ. ಅವರ ಬಾಗಿಲಲ್ಲಿ ನಿಂತರೆ ನಿಮ್ಮ ಮಾಲೀಕನಿಗೆ ಬಿಸಿ ಬೇಗ ತಟ್ಟುತ್ತದೆ. ಅಮೆರಿಕದಲ್ಲಿ 1947ರ ಟಾಫ್ಟ್–ಹಾರ್ಟ್ಲಿ ಕಾನೂನು ಇಂಥದ್ದನ್ನು ಬಹುಮಟ್ಟಿಗೆ ನಿಷೇಧಿಸಿತು. ಜಗಳಕ್ಕೆ ಸಂಬಂಧವಿಲ್ಲದ ಮೂರನೆಯವನನ್ನು ಎಳೆಯಬಾರದು ಅನ್ನುವುದು ಅದರ ವಾದ. ಅಲ್ಲಿಂದ ಮುಂದೆ ಲಾಯರುಗಳಿಗೆ ಸುಗ್ಗಿ. ಒಂದೇ ಕಾಂಪೌಂಡಿನಲ್ಲಿ ಐದು ಕಂಟ್ರಾಕ್ಟರುಗಳು ಕೆಲಸ ಮಾಡುತ್ತಿದ್ದರೆ? ಅದಕ್ಕೆ ಕಂಪನಿಗಳು ಪ್ರತ್ಯೇಕ ಗೇಟುಗಳನ್ನೇ ಮಾಡಿದವು. ಈ ಗೇಟು ಕಂಟ್ರಾಕ್ಟರ್ ಜನಕ್ಕೆ ಮಾತ್ರ, ಆ ಗೇಟು ನಮ್ಮವರಿಗೆ ಮಾತ್ರ ಅಂತ ಬೋರ್ಡು ಹಾಕಿದವು. ಜಗಳ ಯಾರ ಜೊತೆಯೋ ಅವರ ಗೇಟಿನಲ್ಲಿ ಮಾತ್ರ ಪಿಕೆಟಿಂಗ್. 1961ರಲ್ಲಿ ಸುಪ್ರೀಂ ಕೋರ್ಟು ಈ ವ್ಯವಸ್ಥೆಯನ್ನು ಕೆಲವು ಷರತ್ತು ಹಾಕಿ ಒಪ್ಪಿತು. ಕಂಟ್ರಾಕ್ಟರ್ ಗೇಟು ಬಳಸುವವರು ಮಾಡುವ ಕೆಲಸ, ಕಾರ್ಖಾನೆಯ ಮಾಮೂಲಿ ಕೆಲಸಕ್ಕೆ ಸಂಬಂಧಿಸಿರಬಾರದು ಅಂತ. ಹೀಗಾಗಿ ಹಿಂದುಗಡೆ ಎಲ್ಲೋ ಒಂದು ಸಣ್ಣ ಗೇಟು ಮಾಡಿ ಬೋರ್ಡು ತಗುಲಿಹಾಕಿದರೆ ಇಡೀ ಪ್ರತಿಭಟನೆಯನ್ನು ಅಲ್ಲಿಗೆ ಸಾಗಹಾಕಬಹುದು.

ಈ ಗೋಜಲಿನಲ್ಲಿ ಒಂದು ದೊಡ್ಡ ಇಲಿಯೂ ಇದೆ. ಗಾಳಿ ತುಂಬಿದ, ಹಲ್ಲು ಕಿರಿಯುವ, ಒಂದಾಳು ಎರಡಾಳು ಎತ್ತರದ ಇಲಿ. 1990ರ ಸುಮಾರಿಗೆ ಶಿಕಾಗೋದ ಯೂನಿಯನ್ನುಗಳು ಶುರು ಮಾಡಿದ ಈ ಇಲಿಯನ್ನು ಕಟ್ಟಡದ ಮುಂದೆ ನಿಲ್ಲಿಸಿದರೆ ಅದೂ ಪಿಕೆಟಿಂಗಾ? ಮೂರನೆಯವನ ಬಾಗಿಲಲ್ಲಿ ಮನುಷ್ಯರು ಗಸ್ತು ತಿರುಗಬಾರದು ಸರಿ, ಇಲಿ ನಿಲ್ಲಬಹುದಾ? ವರ್ಷಗಟ್ಟಲೆ ಕೇಸುಗಳು ನಡೆದವು. 2021ರಲ್ಲಿ ಅಲ್ಲಿನ ಕಾರ್ಮಿಕ ಮಂಡಳಿ, ಇಲಿ ಮತ್ತು ಬ್ಯಾನರು ಯಾರನ್ನೂ ತಡೆಯುವುದಿಲ್ಲ, ಇರಲಿ ಬಿಡಿ ಅಂದಿತು. ಅದಕ್ಕೂ ಮುಂಚೆ 1988ರಲ್ಲೇ, ಮಾಲ್ ಮುಂದೆ ಸುಮ್ನೆ ಕರಪತ್ರ ಹಂಚುವುದು ತಪ್ಪಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಅಂದರೆ ಕಾಗದ ಕೊಟ್ಟರೆ ಮಾತು, ಅದೇ ಜಾಗದಲ್ಲಿ ಬೋರ್ಡು ಹಿಡಿದು ಅಡ್ಡಾಡಿದರೆ ಒತ್ತಡ.

ಕೆನಡಾ ಈ ಗಂಟನ್ನು ಬಿಚ್ಚಿದ ರೀತಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಸಸ್ಕಾಚವನ್ ಪ್ರಾಂತ್ಯದ ಪೆಪ್ಸಿ ಕೆಲಸಗಾರರು, ಪೆಪ್ಸಿ ಮಾರುವ ಅಂಗಡಿಗಳ ಮುಂದೆ ನಿಂತಿದ್ದರು. ಮ್ಯಾನೇಜ್‌ಮೆಂಟಿನವರ ಮನೆಗಳ ಮುಂದೆಯೂ ಹೋಗಿ ಕೂಗಿದ್ದರು. 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಯಾರ ಬಾಗಿಲು ಅಂತ ನೋಡಬೇಡಿ, ಅಲ್ಲಿ ಏನು ಮಾಡಿದರು ನೋಡಿ ಅಂದಿತು. ಬೆದರಿಕೆ, ಅಡ್ಡಗಟ್ಟುವುದು, ಸುಳ್ಳು ಹೇಳುವುದು ಇದ್ದರೆ ತಪ್ಪು. ಇಲ್ಲದಿದ್ದರೆ ಅಂಗಡಿ ಮುಂದೆ ನಿಲ್ಲುವುದು ತಪ್ಪಲ್ಲ. ಮನೆ ಮುಂದೆ ಮಾಡಿದ್ದನ್ನು ಮಾತ್ರ ಒಪ್ಪಲಿಲ್ಲ.

ಮನೆಯ ವಿಷಯದಲ್ಲಿ ಭಾರತದ ಕಾನೂನೂ ಹಾಗೇ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಕಾರ್ಮಿಕರು ಮಾಡಬಾರದ ಅನುಚಿತ ನಡವಳಿಕೆಗಳ ಪಟ್ಟಿ ಸೇರಿಸಿದಾಗ ಅದರಲ್ಲಿ ಏನೇನಿತ್ತು ಗೊತ್ತಾ? ಕೆಲಸಕ್ಕೆ ಹೋಗುವವರನ್ನು ಮೈಯಡ್ಡ ಹಾಕಿ ತಡೆಯುವಂಥ ಪಿಕೆಟಿಂಗ್. ಬೇಕಂತಲೇ ನಿಧಾನವಾಗಿ ಕೆಲಸ ಮಾಡುವುದು. ಶಿಫ್ಟು ಮುಗಿದ ಮೇಲೂ ಒಳಗೇ ಕೂತುಬಿಡುವುದು. ಘೇರಾವ್. ಮಾಲೀಕರ ಅಥವಾ ಮ್ಯಾನೇಜರುಗಳ ಮನೆ ಮುಂದೆ ಪ್ರದರ್ಶನ. ಗಮನಿಸಿ, ಪಿಕೆಟಿಂಗ್ ಅಂದರೇ ತಪ್ಪು ಅಂತ ಅಲ್ಲಿ ಬರೆದಿಲ್ಲ. ತಡೆಯುವಂಥ ಪಿಕೆಟಿಂಗ್ ಅಂತ ಬರೆದಿದೆ. ಕೇಸಿನ ಹೊತ್ತಿಗೆ ಈ 'ತಡೆಯುವಂಥ' ಅನ್ನುವ ಒಂದು ಪದದ ಮೇಲೇ ಎಲ್ಲ ನಿಲ್ಲುತ್ತದೆ.

ಘೇರಾವ್ ಕಥೆ ಬೇರೆಯೇ. 1967ರಲ್ಲಿ ಪಶ್ಚಿಮ ಬಂಗಾಳದಲ್ಲಿ ಅದು ಎಷ್ಟು ಜೋರಾಯಿತು ಅಂದರೆ, ಮ್ಯಾನೇಜರುಗಳನ್ನು ಗಂಟೆಗಟ್ಟಲೆ ಕೂಡಿಹಾಕುವುದು ದಿನದ ಸುದ್ದಿಯಾಗಿತ್ತು. ಕಾರ್ಮಿಕ ಸಚಿವರ ಒಪ್ಪಿಗೆ ಇಲ್ಲದೆ ಪೊಲೀಸರು ನಡುವೆ ಬರಬಾರದು ಅಂತ ಸರ್ಕಾರವೇ ಸುತ್ತೋಲೆ ಕಳಿಸಿತ್ತು. ಅದೇ ವರ್ಷ ಕಲ್ಕತ್ತಾ ಹೈಕೋರ್ಟು ಆ ಸುತ್ತೋಲೆಗಳನ್ನು ರದ್ದು ಮಾಡಿತು. ಟ್ರೇಡ್ ಯೂನಿಯನ್ ಕಾಯ್ದೆ ಕೊಡುವ ರಕ್ಷಣೆ ಮುಷ್ಕರಕ್ಕೆ, ಜನರನ್ನು ಕೂಡಿಹಾಕುವುದಕ್ಕಲ್ಲ ಅಂದಿತು. ಇದರಲ್ಲಿ ನನಗೆ ತಕರಾರಿಲ್ಲ. ಗೇಟಿನ ಹೊರಗೆ ನಿಂತವನ ಎದುರು ಒಳಗೆ ಹೋಗುವವನಿಗೆ ಆಯ್ಕೆ ಇರುತ್ತದೆ, ಘೇರಾವ್‌ನಲ್ಲಿ ಸಿಕ್ಕಿಕೊಂಡವನಿಗೆ ಬಾತ್‌ರೂಮಿಗೆ ಹೋಗುವ ಆಯ್ಕೆಯೂ ಇರುವುದಿಲ್ಲ.

ಹಾಗಂತ ಪ್ರತಿಭಟನೆಯನ್ನೇ ಒಟ್ಟಾರೆ ನಿಷೇಧಿಸಲು ಹೊರಟಾಗ ಕೋರ್ಟು ತಡೆದದ್ದೂ ಉಂಟು. ಬಿಹಾರ ಸರ್ಕಾರ ತನ್ನ ನೌಕರರು ಯಾವ ರೀತಿಯ ಪ್ರದರ್ಶನದಲ್ಲೂ ಭಾಗವಹಿಸಬಾರದು ಅಂತ ನಿಯಮ ಮಾಡಿತ್ತು. ಮುಷ್ಕರ ಮಾಡುವುದು ಮೂಲಭೂತ ಹಕ್ಕಲ್ಲ, ಆದರೆ ಶಾಂತಿಯುತ ಪ್ರದರ್ಶನ ಹಕ್ಕೇ ಅಂತ ಸುಪ್ರೀಂ ಕೋರ್ಟು 1962ರಲ್ಲಿ ಹೇಳಿ, ಆ ನಿಯಮದಲ್ಲಿ ಪ್ರದರ್ಶನಕ್ಕೆ ಸಂಬಂಧಿಸಿದ ಭಾಗವನ್ನು ಹೊಡೆದುಹಾಕಿತು.

ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಹಳೆಯ ಕಾಯ್ದೆಗಳ ಜಾಗ ಹಿಡಿದಿದೆ. ಅನುಚಿತ ನಡವಳಿಕೆಗಳ ಪಟ್ಟಿ ಅದರಲ್ಲೂ ಮುಂದುವರಿದಿದೆ. ದೊಡ್ಡ ಬದಲಾವಣೆ ಆಗಿರುವುದು ಗೇಟಿನ ಹತ್ತಿರ ಅಲ್ಲ, ಗೇಟಿಗೆ ಬರುವ ಮುಂಚೆ. ಹಿಂದೆ ಮುಷ್ಕರಕ್ಕೆ ಮುಂಚಿತವಾಗಿ ನೋಟಿಸ್ ಕೊಡಬೇಕಾಗಿದ್ದು ಮುಖ್ಯವಾಗಿ ನೀರು, ವಿದ್ಯುತ್, ಸಾರಿಗೆಯಂಥ ಸೇವೆಗಳಲ್ಲಿ. ಈಗ ಎಲ್ಲ ಕೈಗಾರಿಕೆಗಳಿಗೂ 14 ದಿನ. ರಾಜಿ ಮಾತುಕತೆ ನಡೆಯುತ್ತಿರುವಾಗ ಮುಷ್ಕರ ಮಾಡುವ ಹಾಗಿಲ್ಲ. ಅರ್ಧಕ್ಕರ್ಧ ಜನ ಒಂದೇ ದಿನ ಒಟ್ಟಿಗೆ ರಜೆ ಹಾಕಿದರೆ ಅದನ್ನೂ ಮುಷ್ಕರ ಅಂತಲೇ ಎಣಿಸುತ್ತಾರೆ. ಮುಷ್ಕರವೇ ಕಾನೂನುಬಾಹಿರ ಅಂತಾದರೆ, ಗೇಟಿನ ಮುಂದೆ ಎಷ್ಟೇ ಶಾಂತಿಯಿಂದ ನಿಂತರೂ ನಿಮ್ಮ ಕಾಲ ಕೆಳಗಿನ ನೆಲ ಅಷ್ಟು ಗಟ್ಟಿ ಇರುವುದಿಲ್ಲ.

ಇದೆಲ್ಲ ಮಾಲೀಕ–ಕಾರ್ಮಿಕ ಜಗಳದ ಮಾತಾಯಿತು. ಕೆಲಸದ ಜಾಗಕ್ಕೆ ಹೊರಗಿನವರು ಬಂದು ಪ್ರತಿಭಟನೆ ಮಾಡಿದರೆ? ಮರ ಕಡಿಯುವುದನ್ನು ವಿರೋಧಿಸುವವರು, ಗಣಿ ಬೇಡ ಅನ್ನುವವರು? ಅವರಿಗೆಂದೇ ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯ 2014ರಲ್ಲಿ ಒಂದು ಕಾನೂನು ಮಾಡಿತು. ಹೆಸರಲ್ಲೇ ವಿಷಯ ಇದೆ: ಪ್ರತಿಭಟನಾಕಾರರಿಂದ ಕೆಲಸದ ಜಾಗಗಳ ರಕ್ಷಣೆ. ಕಾಡಿನಲ್ಲಿ ಮರ ಕಡಿಯುವ ಜಾಗವೂ 'ವ್ಯಾಪಾರದ ಆವರಣ'. ಅಲ್ಲಿಗೆ ಹೋಗಿಬರಲು ಬೇಕಾದ ಸುತ್ತಮುತ್ತಲ ಜಾಗವೂ ರಕ್ಷಿತ. ಹೊರಡು ಅಂತ ಪೊಲೀಸರು ಹೇಳಿದ ಮೇಲೆ ನಾಲ್ಕು ದಿನದೊಳಗೆ ಮತ್ತೆ ಬಂದರೆ 10,000 ಡಾಲರ್‌ವರೆಗೆ ದಂಡ.

2016ರ ಜನವರಿಯಲ್ಲಿ ಲಪೋಯ್ನಿಯಾ ಕಾಡಿನಲ್ಲಿ ಬಾಬ್ ಬ್ರೌನ್ ಅವರನ್ನು ಈ ಕಾನೂನಿನ ಕೆಳಗೆ ಬಂಧಿಸಿದರು. ಅವರು ವೈದ್ಯರು, ಗ್ರೀನ್ಸ್ ಪಕ್ಷದ ಮಾಜಿ ನಾಯಕ, ಸೆನೆಟರ್ ಆಗಿದ್ದವರು. ಪ್ರಕರಣ ಕೈಬಿಟ್ಟರೂ ಅವರು ಸುಮ್ಮನಾಗಲಿಲ್ಲ, ಆ ಕಾನೂನನ್ನೇ ಆಸ್ಟ್ರೇಲಿಯಾದ ಹೈಕೋರ್ಟಿನಲ್ಲಿ ಪ್ರಶ್ನಿಸಿದರು (ಅಲ್ಲಿ ಎಲ್ಲಕ್ಕಿಂತ ಮೇಲಿನ ಕೋರ್ಟಿನ ಹೆಸರೇ ಹೈಕೋರ್ಟು). 2017ರ ಅಕ್ಟೋಬರಿನಲ್ಲಿ ಆ ಕಾನೂನಿನ ಮುಖ್ಯ ಭಾಗಗಳು ಬಿದ್ದುಹೋದವು. ವ್ಯಾಪಾರವನ್ನು ಕಾಪಾಡುವ ಉದ್ದೇಶ ತಪ್ಪು ಅಂತ ಕೋರ್ಟು ಹೇಳಲಿಲ್ಲ. ಕಾಡಿನಲ್ಲಿ ಆವರಣ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ? ಅದು ಪ್ರತಿಭಟನಾಕಾರನಿಗೂ ಗೊತ್ತಿಲ್ಲ, ಪೊಲೀಸನಿಗೂ ಗೊತ್ತಿಲ್ಲ. ಗೊತ್ತಿಲ್ಲದೇ ಇರುವಾಗ ಪೊಲೀಸ್ ತೋರಿಸಿದ್ದೇ ಗಡಿ. ಹೆದರಿದ ಜನ ಕಾನೂನು ಕೇಳುವುದಕ್ಕಿಂತಲೂ ದೂರ ನಿಲ್ಲುತ್ತಾರೆ, ಅದರಿಂದ ತಪ್ಪೇನೂ ಅಲ್ಲದ ಪ್ರತಿಭಟನೆಯೂ ನಿಂತುಹೋಗುತ್ತದೆ. ಕೋರ್ಟಿಗೆ ಮುಖ್ಯವಾಗಿ ಕಂಡಿದ್ದು ಇದು. ಟಾಸ್ಮೇನಿಯಾ ಅಲ್ಲಿಗೇ ಬಿಡಲಿಲ್ಲ ಅನ್ನಿ. 2022ರಲ್ಲಿ ಕೆಲಸದ ಜಾಗಗಳ ರಕ್ಷಣೆಗೆ ಅಂತ ಇನ್ನೊಂದು ತಿದ್ದುಪಡಿ ತಂದಿತು.

ಇಷ್ಟೆಲ್ಲ ಆದ ಮೇಲೆ, ಗೇಟಿನ ಮುಂದೆ ನಿಂತವನಿಗೆ ನಿಜವಾಗಿ ಏನೇನು ಆಗಬಹುದು ಅನ್ನುವ ಪ್ರಶ್ನೆ. ಇಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು. ಒಂದು, ಪೊಲೀಸ್ ಕೇಸು: ಅಡ್ಡಗಟ್ಟಿದ್ದು, ಬೆದರಿಸಿದ್ದು, ನಿಷೇಧಾಜ್ಞೆ ಮುರಿದದ್ದು. ನಿಷೇಧಾಜ್ಞೆ ಅಂದರೆ ನಾವೆಲ್ಲ ಸೆಕ್ಷನ್ 144 ಅನ್ನುತ್ತಿದ್ದೆವಲ್ಲ, ಅದೇ. ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163. ಎರಡನೆಯದು ಸಿವಿಲ್ ಕೋರ್ಟಿನ ತಡೆಯಾಜ್ಞೆ. ಇದು ಅಪರಾಧದ ಕೇಸಲ್ಲ, ಆದರೆ ಆದೇಶ ಮೀರಿದರೆ ಜೈಲಿಗೂ ಹೋಗಬೇಕಾಗಬಹುದು. ಮೂರನೆಯದು ಕಂಪನಿಯದ್ದೇ ವಿಚಾರಣೆ: ಚಾರ್ಜ್‌ಶೀಟು, ಅಮಾನತು, ಕೆಲಸದಿಂದ ವಜಾ. ಪೊಲೀಸ್ ಕೇಸಿನಲ್ಲಿ ಖುಲಾಸೆಯಾದವನು ಕಂಪನಿ ವಿಚಾರಣೆಯಲ್ಲಿ ಕೆಲಸ ಕಳೆದುಕೊಳ್ಳಬಹುದು. ಒಂದೇ ಬೆಳಿಗ್ಗೆ ಒಂದೇ ಜಾಗದಲ್ಲಿ ಮಾಡಿದ ಒಂದೇ ಕೆಲಸಕ್ಕೆ ಮೂರು ಕಡೆ ಮೂರು ಲೆಕ್ಕ.

ಕಂಟ್ರಾಕ್ಟ್ ಕೆಲಸಗಾರನ ಪಾಡಂತೂ ಹೇಳುವುದೇ ಬೇಡ. ಅವನು ದಿನಾ ಹೋಗುವ ಗೇಟು ಒಂದು ಕಂಪನಿಯದ್ದು, ಸಂಬಳ ಕೊಡುವ ಏಜೆನ್ಸಿ ಇನ್ನೊಂದು. ಏಜೆನ್ಸಿಯ ಆಫೀಸು ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ. ಅವನ ಜಗಳ ಯಾವ ಬಾಗಿಲ ಮುಂದೆ? ಆ್ಯಪ್ ನೋಡಿಕೊಂಡು ಡೆಲಿವರಿ ಮಾಡುವವನಿಗೆ ಗೇಟೇ ಇಲ್ಲ. ಈ ಕಾನೂನುಗಳೆಲ್ಲ ಒಂದು ಕಾಂಪೌಂಡು, ಒಂದು ಗೇಟು, ಅದರ ಮೇಲೆ ಮಾಲೀಕನ ಹೆಸರು ಇದ್ದ ಕಾಲದಲ್ಲಿ ಬರೆದವು.

ಮೇಲೆ ಹೇಳಿದ ಮೂರರಲ್ಲಿ ಭಾರತದ ಕಾರ್ಮಿಕರಿಗೆ ಮೇಲಿಂದ ಮೇಲೆ ಎದುರಾಗುವುದು ಎರಡನೆಯದು, ತಡೆಯಾಜ್ಞೆ. ಮುಷ್ಕರದ ನೋಟಿಸ್ ಬಂದ ಕೂಡಲೇ ಕಂಪನಿ ಸಿವಿಲ್ ಕೋರ್ಟಿಗೆ ಹೋಗುತ್ತದೆ. ತುರ್ತು ಅಂತ ಕೇಳಿದರೆ ಯೂನಿಯನ್ ಮಾತು ಕೇಳುವ ಮುಂಚೆಯೇ ತಾತ್ಕಾಲಿಕ ಆದೇಶ ಸಿಗಬಹುದು. ಗೇಟಿನಿಂದ 50 ಮೀಟರ್, 100 ಮೀಟರ್, 200 ಮೀಟರ್ ಒಳಗೆ ಧರಣಿ, ಘೋಷಣೆ, ಸಭೆ ಬೇಡ ಅಂತ. ಯೂನಿಯನ್ ಲಾಯರ್ ಹೋಗಿ ತನ್ನ ವಾದ ಹೇಳುವಷ್ಟರಲ್ಲಿ ದಿನಗಳು ಕಳೆಯುತ್ತವೆ, ಮುಷ್ಕರದ ಬಿಸಿಯೂ ಇಳಿದಿರುತ್ತದೆ. 100 ಮೀಟರ್ ದೂರ ನಿಂತವನು ಯಾರನ್ನೂ ತಡೆಯಲಾರ, ಅದು ನಿಜ. ಕಂಪನಿ ಬಸ್ಸಿನ ಕಿಟಕಿಯಲ್ಲಿ ಕೂತ ತನ್ನದೇ ಲೈನಿನ ಗೆಳೆಯನ ಮುಖವೂ ಅವನಿಗೆ ಕಾಣುವುದಿಲ್ಲ.

ಇಂಥ ಆದೇಶ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಸಂಖ್ಯೆಯನ್ನಲ್ಲ, ಅದರ ಹಿಂದಿನ ಪದವನ್ನು. 'ಗೇಟಿನಿಂದ 100 ಮೀಟರ್' ಬೇರೆ, 'ಕಾಂಪೌಂಡಿನಿಂದ 100 ಮೀಟರ್' ಬೇರೆ, 'ಆವರಣದಿಂದ 100 ಮೀಟರ್' ಅಂತ ಬರೆದಿದ್ದರೆ ಇನ್ನೂ ಬೇರೆ. ಗೇಟಿನಿಂದ ಅಂದರೆ ಯಾವ ಗೇಟು? ಮಾಲು ಬರುವ ಗೇಟು, ಜನ ಬರುವ ಗೇಟು, ಬಾಗಿಲೇ ತೆಗೆಯದ ಹಿಂದಿನ ಗೇಟು, ಎಲ್ಲವೂ ಸೇರಿದವಾ? ಎಲ್ಲ ಕಡೆಯಿಂದಲೂ ಅಳೆದು ಗೆರೆ ಎಳೆದರೆ ಕೆಲವು ಕಡೆ ನಿಲ್ಲಲು ಉಳಿಯುವುದು ಬೇರೆ ಯಾವುದೋ ಕಂಪನಿಯ ಗೇಟು ಮಾತ್ರ. ಅಲ್ಲೂ ಒಬ್ಬ ಸೆಕ್ಯುರಿಟಿಯವನು ಇರುತ್ತಾನೆ, ಇಲ್ಲಿ ನಿಲ್ಲಬೇಡಿ ಅನ್ನಲು.